ಆಡಿ ಗಾಳಿ ಮತ್ತು ನಡುವಿನ ಸಹಿ

ಮೊನ್ನೆ ದಾವಣಗೆರೆಯಲ್ಲಿ ಅಣ್ಣನ ಮಗನಿಗೆಂದು ತಂದ ಬನಿಯನ್ನಿನ ಪ್ಲಾಸ್ಟಿಕ್ ಕವರ್ ಹರಿದೆ. ಹಬೆ ಇಸ್ತ್ರಿಯ ಬಿಸಿ, ಹೊಲಿಗೆ ಯಂತ್ರದ ಎಣ್ಣೆ, ಇನ್ನೂ ನೀರು ಕಾಣದ ಹತ್ತಿ, ಎಲ್ಲ ಒಟ್ಟಿಗೆ ಮೂಗಿಗೆ ಬಂತು. ವಾಸನೆಯೊಂದು ಮನುಷ್ಯರನ್ನು ಇದ್ದಕ್ಕಿದ್ದಂತೆ ಹಿಂದಿನ ಕಾಲಕ್ಕೆ ಎತ್ತಿಕೊಂಡು ಹೋಗುತ್ತದೆ ಎಂದು ಬರೆಯುವವರನ್ನು ನಾನು ಸದಾ ಅನುಮಾನದಿಂದ ನೋಡಿದವಳು. ಸಾಕ್ಷಿ ಎಲ್ಲಿದೆ? ಆದರೆ ಅತ್ತಿಗೆ, "ಯಾಕೇ, ಬಟ್ಟೆನ ಹಿಂಗೆ ಮೂಸ್ತಿದೀಯಾ?" ಎಂದು ಕೇಳಿದಾಗ ನಾನು ನಿಜಕ್ಕೂ ಅಲ್ಲಿರಲಿಲ್ಲ. ತಿರುಪ್ಪೂರಿನ ಒಂದು ಗಲ್ಲಿಯಲ್ಲಿದ್ದೆ. ಆಡಿ ತಿಂಗಳಾಗಿತ್ತು. ಗಾಳಿ ಬೀಸುತ್ತಿತ್ತು.

ಆಡಿ ಅಂದರೆ ಹೆಚ್ಚುಕಡಿಮೆ ನಮ್ಮ ಆಷಾಢ. ನಮ್ಮ ಕಡೆ ಆಗ ಮಳೆಯಾದರೆ ಅಲ್ಲಿ ಬರುವುದು ಗಾಳಿ. ಪಾಲಕ್ಕಾಡಿನ ಬಳಿ ಬೆಟ್ಟಸಾಲು ಬಿಟ್ಟುಕೊಟ್ಟ ಸಂದಿಯಿಂದ ನುಗ್ಗಿ, ಕೊಯಮತ್ತೂರನ್ನು ದಾಟಿ, ತಿರುಪ್ಪೂರಿನ ಗಲ್ಲಿಗಳಲ್ಲಿ ಕತ್ತರಿಸಿ ಬಿಸಾಡಿದ ಬಟ್ಟೆಯ ಚೂರುಗಳನ್ನು ಎಬ್ಬಿಸಿ ಕುಣಿಸುತ್ತದೆ. ಆಕಾಶದಲ್ಲಿ ಮೋಡ ಓಡುತ್ತಿರುತ್ತದೆ, ಒಂದು ಹನಿಯೂ ಬೀಳುವುದಿಲ್ಲ. ಮೊದಲ ವಾರ ಛತ್ರಿ ಹಿಡಿದುಕೊಂಡು ಹೋಗಿ ನಗೆಪಾಟಲಾದೆ.

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಯ ಹುಡುಗಿ. ಬೆಳಿಗ್ಗೆ ಒಂದು ವಿಷಯದ ಪರವಾಗಿ, ಮಧ್ಯಾಹ್ನ ಅದೇ ವಿಷಯದ ವಿರುದ್ಧವಾಗಿ ಮಾತಾಡಿ ಎರಡರಲ್ಲೂ ಕಪ್ ಗೆದ್ದು ಬಂದವಳು. ಯಾವ ಮಾತನ್ನೂ ಅದನ್ನು ಆಡಿದವರ ಮುಖ ನೋಡಿ ಒಪ್ಪಬಾರದು ಎಂಬುದು ಅಲ್ಲಿ ಕಲಿತ ಮೊದಲ ಪಾಠ. ಈ ಬಂಡವಾಳ ಹಿಡಿದುಕೊಂಡು ಕೊಯಮತ್ತೂರಿನ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಸೇರಿದೆ. ಊರಂಚಿನ ಪೋತ್ತನೂರಿನಲ್ಲಿ ಕೋಣೆ ಮಾಡಿದ್ದೆ. ತಿರುಪ್ಪೂರಿನ ಬನಿಯನ್ ಕಂಪನಿಗಳ ಕಂಪ್ಯೂಟರುಗಳನ್ನು ಹೊರದೇಶದ ಖರೀದಿದಾರರ ಕಂಪ್ಯೂಟರುಗಳಿಗೆ ಜೋಡಿಸಿ ಕೊಡುವುದು ನಮ್ಮ ಕೆಲಸ. ಹಾಗೆ ಕಮಲಕ್ಕ ಎಂಬವಳ ಸಣ್ಣ ಹೊಲಿಗೆ ಯೂನಿಟ್ಟಿಗೆ ಹೋದದ್ದು.

ಮೊದಲ ದಿನ ನಾನು ಬಾಗಿಲಲ್ಲಿ ನಿಂತು ಅಮ್ಮನ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. ಹೊಲಿಗೆ ಯಂತ್ರಗಳ ಸಾಲಿನ ನಡುವಿನಿಂದ, ಕುತ್ತಿಗೆಗೆ ಅಳತೆ ಟೇಪು ಹಾಕಿಕೊಂಡ ಐವತ್ತರ ಆಸುಪಾಸಿನ ಹೆಂಗಸು ಎದ್ದು ಬಂದಳು. ಅವಳೇ ಕಮಲಕ್ಕ.

"ಅಮ್ಮಿಣಿ, ನೀನು ನಮ್ಮ ಮಾತು ಆಡ್ತಿಯಾ?" ಅಮ್ಮಿಣಿ ಅಂದರೆ ಆ ಕಡೆ ಹುಡುಗಿಯರನ್ನು ಅಕ್ಕರೆಯಿಂದ ಕರೆಯುವ ಮಾತು.

"ಹೌದು, ಕನ್ನಡದವಳು. ನೀವೂನಾ?"

"ಆಮಾ. ಮನೇಲಿ ಇದೇ ಮಾತು. ನಮ್ಮ ತಾತಂದಿರು ಅನ್ನೂರು ಪಕ್ಕ ಮಗ್ಗ ನೇಯ್ತಿದ್ದೋರು. ಮಾತಾಡ್ತೀವಿ, ಓದೋಕೆ ಬರೋದಿಲ್ಲೆ." ಆಮೇಲೆ ಕಣ್ಣು ಕಿರಿದು ಮಾಡಿ ಕೇಳಿದಳು, "ಸರಿ, ಯಾರ ಕಡೆಯಿಂದ ಬಂದೆ?"

ಆ ಊರಿನಲ್ಲಿ ಈ ಪ್ರಶ್ನೆಯಿಲ್ಲದೆ ಯಾರೂ ಯಾರಿಗೂ ಒಂದು ಉಂಡೆ ನೂಲನ್ನೂ ಕೊಡುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ಆಗ ಮಾತ್ರ ನನಗೆ ಸಿಟ್ಟು ಬಂತು. "ಕಂಪನಿ ಕಡೆಯಿಂದ" ಎಂದೆ. "ಕಂಪನೀಲಿ ಯಾರ ಕಡೆಯಿಂದ?" ಎಂದಳು. ನನ್ನ ಮ್ಯಾನೇಜರ್ ಹೆಸರು ಹೇಳಿದೆ. "ಅವರಿಗೆ ನೀನು ಯಾರ ಮೂಲಕ?" ನನ್ನ ಸಹಪಾಠಿಯ ಚಿಕ್ಕಪ್ಪನ ಹೆಸರು ಬರುವವರೆಗೂ ಬಿಡಲಿಲ್ಲ. ಆ ಚಿಕ್ಕಪ್ಪ ಅವಳಿಗೆ ಗೊತ್ತಿದ್ದವರು. ತಕ್ಷಣ ಕುರ್ಚಿ ಬಂತು, ಟೀ ಬಂತು.

ಕಮಲಕ್ಕನ ಕಥೆಯನ್ನು ಅವಳ ತಮ್ಮ ಸೆಂದಿಲ್ ಹೇಳಿದ. ಯೂನಿಟ್ಟಿನ ಕಂಪ್ಯೂಟರು, ಬ್ಯಾಂಕು, ಕರೆಂಟು ಎಲ್ಲ ಅವನದೇ ಉಸ್ತುವಾರಿ. ಇಷ್ಟು ವರ್ಷ ಅವರು ಹೊಲಿದದ್ದೆಲ್ಲ ಹೋದದ್ದು ಅವರ ಸೋದರಮಾವ ಸುಬ್ಬಣ್ಣನ ದೊಡ್ಡ ಎಕ್ಸ್‌ಪೋರ್ಟ್ ಕಂಪನಿಯ ಹೆಸರಿನಲ್ಲಿ. ಖರೀದಿದಾರರು ಮಾವನಿಗೆ ಆರ್ಡರ್ ಕೊಡುತ್ತಾರೆ, ಮಾವ ಇವಳಿಗೆ ಕೊಡುತ್ತಾರೆ. ಅಂಗಿಯ ಕುತ್ತಿಗೆಪಟ್ಟಿಯಲ್ಲಿ ಇವಳ ಹೆಸರು ಒಮ್ಮೆಯೂ ಇರಲಿಲ್ಲ. ಆ ವರ್ಷ ಖರೀದಿದಾರರ ಕಡೆಯವರು ಯೂನಿಟ್ ನೋಡಲು ಬಂದವರು, ಹೊಲಿಗೆಯನ್ನು ಮೆಚ್ಚಿ, ನೀವೇ ನೇರವಾಗಿ ಸೇರಿಕೊಳ್ಳಿ ಎಂದಿದ್ದರು. ಷರತ್ತು ಒಂದೇ. ಆಡಿ ಮುಗಿಯುವುದರೊಳಗೆ ಅವರ ಕಂಪ್ಯೂಟರು ಕಮಲಕ್ಕನ ಕಂಪ್ಯೂಟರಿನ ಜೊತೆ ನೇರ ಮಾತಾಡುವಂತಾಗಬೇಕು. ಆಗದಿದ್ದರೆ ಮತ್ತೆ ಮಾವನ ನೆರಳಿಗೇ. ಮಾವನನ್ನು ಕೇಳಿದಾಗ "ಮಾಡು" ಎಂದಷ್ಟೇ ಹೇಳಿದ್ದರಂತೆ. ಆಮೇಲೆ ಮನೆಯ ಕಡೆ ತಲೆಹಾಕಿರಲಿಲ್ಲ.

ಆದರೆ ಆ ಕಂಪ್ಯೂಟರು ಈ ಕಂಪ್ಯೂಟರನ್ನು ನಂಬುತ್ತಿರಲಿಲ್ಲ.

ವಿಷಯ ಇಷ್ಟು. ಒಂದು ಯಂತ್ರ ಇನ್ನೊಂದಕ್ಕೆ "ನಾನು ಇಂಥವಳು" ಎಂದು ಹೇಳಿಕೊಂಡರೆ ಸಾಲದು, ಪ್ರಮಾಣಪತ್ರ ತೋರಿಸಬೇಕು. ಆ ಪತ್ರಕ್ಕೆ ಮೇಲಿನವನೊಬ್ಬನ ಸಹಿ ಇರಬೇಕು. ಅವನ ಪತ್ರಕ್ಕೆ ಅವನ ಮೇಲಿನವನ ಸಹಿ. ಹೀಗೆ ಹತ್ತುತ್ತ ಹೋದರೆ ತುದಿಯಲ್ಲಿ, ಎಲ್ಲ ಕಂಪ್ಯೂಟರುಗಳೂ ಮೊದಲೇ ನಂಬಿ ಹೊಟ್ಟೆಯೊಳಗೆ ಇಟ್ಟುಕೊಂಡ ಒಬ್ಬ ಸಿಗುತ್ತಾನೆ. ಅವನಿಗೆ ರೂಟ್ ಎನ್ನುತ್ತಾರೆ. ಕೆಳಗಿನಿಂದ ಅಲ್ಲಿಯವರೆಗೆ ಕೊಂಡಿ ತಪ್ಪದ ದಾರಿ ಇದ್ದರೆ ಬಾಗಿಲು ತೆರೆಯುತ್ತದೆ. ಇಲ್ಲದಿದ್ದರೆ ಇಲ್ಲ.

ನಾವು ತಿರುಪ್ಪೂರಿನಲ್ಲಿ ಕೂತು ಬ್ರೌಸರಿನಲ್ಲಿ ಕಮಲಕ್ಕನ ಪುಟ ತೆರೆದರೆ ಎಲ್ಲ ಸರಿಯಿದೆ ಎನ್ನುವ ಬೀಗದ ಚಿತ್ರ ಅಚ್ಚುಕಟ್ಟಾಗಿ ಕಾಣುತ್ತಿತ್ತು. ಚೆನ್ನೈನಲ್ಲಿದ್ದ ಖರೀದಿದಾರರ ಏಜೆಂಟ್ ಮೋಹನ್ ಮಾತ್ರ ದಿನಾ ಫೋನ್ ಮಾಡಿ ಒಂದೇ ಹಾಡು: "ಮೇಡಂ, ನಂಬಿಕೆಯಿಲ್ಲದ ಪತ್ರ ಅಂತ ನಮ್ಮ ಮೆಷಿನ್ ಹೇಳುತ್ತೆ."

"ಇವರು ಬೇಕಂತಲೇ ಮಾಡ್ತಿದಾರೆ" ಎಂದು ನಾನು ಮೊದಲ ದಿನವೇ ತೀರ್ಪು ಕೊಟ್ಟೆ. ಅದಕ್ಕೆ ಆಧಾರವೂ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಓಪನ್‌ಎಸ್‌ಎಸ್‌ಎಲ್ ಎಂಬ ಸಾಧನವಿದೆ. ಚಿತ್ರವಿಲ್ಲ, ಗುಂಡಿಯಿಲ್ಲ, ಕಪ್ಪು ಪರದೆಯ ಮೇಲೆ ಆಜ್ಞೆ ಟೈಪ್ ಮಾಡಬೇಕು. ಪತ್ರದ ಕಡತವನ್ನು ಅದಕ್ಕೆ ಕೊಟ್ಟು ಪರೀಕ್ಷಿಸು ಎಂದರೆ ಸಹಿಗಳ ದಾರಿ ಹತ್ತಿ ಹೋಗಿ ಬಂದು ಉತ್ತರ ಹೇಳುತ್ತದೆ. ಸೆಂದಿಲ್ ಎಲ್ಲ ಪತ್ರಗಳನ್ನೂ ಒಂದೇ ಕಡತದಲ್ಲಿ ಅಂಟಿಸಿ ಕಳಿಸಿದ್ದ. ನಾನು ಪರೀಕ್ಷಿಸಿದೆ. ಓಕೆ ಎಂದಿತು. ಮತ್ತೆ ಪರೀಕ್ಷಿಸಿದೆ. ಮತ್ತೆ ಓಕೆ. ಆ ಪರದೆಯ ಫೋಟೋ ತೆಗೆದು ಮೋಹನನಿಗೆ ಕಳಿಸಿ, ಈಗ ಸಾಬೀತು ಮಾಡುವ ಹೊಣೆ ನಿಮ್ಮದು ಎಂದು ಬರೆದೆ.

ಅವನು ಅವನ ಪರದೆಯ ಫೋಟೋ ಕಳಿಸಿದ. ಅದೇ ಸಾಧನ. ಆದರೆ ಅವನು ಕಡತವನ್ನಲ್ಲ, ನೇರವಾಗಿ ಕಮಲಕ್ಕನ ಕಂಪ್ಯೂಟರಿಗೆ ದೂರದಿಂದ ಕರೆ ಮಾಡಿ ಪರೀಕ್ಷಿಸಿದ್ದ. ಪತ್ರ ಕೊಟ್ಟವನು ಸಿಗುತ್ತಿಲ್ಲ ಎಂದು ಅದರಲ್ಲಿ ಬರೆದಿತ್ತು. ನಾನೂ ಹಾಗೇ ಮಾಡಿ ನೋಡಿದೆ. ನನಗೂ ಅದೇ ಉತ್ತರ ಬಂತು.

ಒಂದೇ ಸಾಧನ, ಒಂದೇ ಪತ್ರ, ಎರಡು ತೀರ್ಪು. ಪರ ಮತ್ತು ವಿರೋಧ ಎರಡೂ ಕಡೆ ಮಾತಾಡುವುದು ನನ್ನ ಕಸುಬು ಎಂದುಕೊಂಡಿದ್ದೆ. ಯಂತ್ರವೊಂದು ಅದನ್ನು ನನ್ನ ಮುಂದೆಯೇ ಮಾಡಿತು.

ಆಮೇಲಿನ ದಿನಗಳಲ್ಲಿ ಆ ಗಲ್ಲಿಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ವಾದವಿತ್ತು. ಹೊಲಿಯುವ ಹೆಂಗಸರೆಲ್ಲ ಒಮ್ಮತದಿಂದ, ಆಡಿಯಲ್ಲಿ ಹೊಸ ಕೆಲಸಕ್ಕೆ ಕೈಹಾಕಿದ್ದೇ ಕಾರಣ ಎಂದರು. ಸೆಂದಿಲ್‌ಗೆ ಮಾವನ ಮೇಲೆ ಅನುಮಾನ. "ಮಾಮ ಏನೋ ಮಾಡವ್ರೆ. ನಡುವೆ ನಿಂತು ಬೇರೆ ಪತ್ರ ತೋರಿಸ್ತಾವ್ರೆ."

"ಮಾಮಾಗೆ ವಾಟ್ಸಾಪಿಗೆ ಫೋಟೋ ಹಾಕೋಕೇ ಬರೋದಿಲ್ಲ, ಅವರು ನಡುವೆ ನಿಲ್ತಾರಾ?" ಎಂದು ಕಮಲಕ್ಕ ಗದರಿದಳು. ಗದರಿದರೂ ಅವಳ ಮುಖ ಇಳಿದಿತ್ತು.

ನಾನು ಎರಡನ್ನೂ ತಳ್ಳಿಹಾಕಿದೆ, ಸಾಕ್ಷಿಯಿಲ್ಲ ಎಂದು. ನಿಜ ಹೇಳಬೇಕೆಂದರೆ ನನ್ನ ಕೈಯಲ್ಲಿ ಇನ್ನೊಂದು ವಾದವೂ ಇರಲಿಲ್ಲ. ಮಾವನ ಮೇಲಿನ ಅನುಮಾನವನ್ನಾದರೂ ಪರೀಕ್ಷಿಸಬಹುದಿತ್ತು. ಪ್ರತಿ ಪತ್ರಕ್ಕೂ ಒಂದು ಬೆರಳಚ್ಚು ಇರುತ್ತದೆ, ಅಂಕಿಗಳೂ ಎ ಯಿಂದ ಎಫ್ ವರೆಗಿನ ಅಕ್ಷರಗಳೂ ಕಲೆತ ಉದ್ದ ಸಾಲು. ಚೆನ್ನೈನವರಿಗೆ ಕಾಣುವ ಬೆರಳಚ್ಚೂ ನಮ್ಮದೂ ಒಂದೇ ಆದರೆ ನಡುವೆ ಯಾರೂ ಇಲ್ಲ ಎಂದರ್ಥ. ಯಂತ್ರಗಳ ಸದ್ದಿನಲ್ಲಿ ಫೋನ್ ಕೇಳುವುದಿಲ್ಲವೆಂದು ಸೆಂದಿಲ್ ಬೀದಿಗೆ ಹೋಗಿ ನಿಂತು ಮೋಹನನಿಗೆ ಓದತೊಡಗಿದ. ಗಾಳಿಗೆ ಅವನ ಲುಂಗಿ ಪಟಪಟ ಬಡಿಯುತ್ತಿತ್ತು.

"ಎ, ಅನ್ನೂರು. ಏಳು. ಡಿ, ಧಾರಾಪುರಂ. ಬಿ, ಭವಾನಿ. ಎರಡು. ಇ, ಈರೋಡು. ಸಿ, ಕೊಯಮತ್ತೂರು..." ಅಲ್ಲಿಗೆ ನಿಂತ. ನನ್ನ ಕಡೆ ತಿರುಗಿ, "ಎಫ್‌ಗೆ ಯಾವೂರು, ಅಮ್ಮಿಣಿ?"

"ಎಫ್‌ಗೆ ಊರಿಲ್ಲ ಅಣ್ಣ. ಫ್ಯಾನ್ ಅನ್ನಿ."

"ಎಫ್, ಫ್ಯಾನು! ಸಾರ್, ಊರಲ್ಲ, ಮೇಲೆ ಸುತ್ತುತ್ತಲ್ಲ, ಆ ಫ್ಯಾನು!"

ಎದುರಿನ ಟೀ ಅಂಗಡಿಯವರು ಕೆಲಸ ಬಿಟ್ಟು ಕೇಳುತ್ತಿದ್ದರು. ಸಾಲಿನ ಕೊನೆಯವರೆಗೂ ಎರಡೂ ಹೊಂದಿದವು. ಮಾವ ನಡುವೆ ಇರಲಿಲ್ಲ. ಕಮಲಕ್ಕ ಅದನ್ನು ಕೇಳಿ ಒಂದು ಲೋಟ ನೀರು ಕುಡಿದಳು.

ಆ ಸಂಜೆ ಪೋತ್ತನೂರಿಗೆ ಹೋಗುವ ರೈಲಿನಲ್ಲಿ ಕೂತು ಸೆಂದಿಲ್ ಕಳಿಸಿದ ಕಡತವನ್ನು ಮತ್ತೆ ತೆರೆದೆ. ಈ ಸಲ ಪರೀಕ್ಷಿಸು ಎನ್ನಲಿಲ್ಲ. ಇದು ಯಾರ ಪತ್ರ, ಹೆಸರು ಓದು ಎಂದೆ. ಪರದೆಯ ಮೇಲೆ ಬಂದ ಹೆಸರು ಕಮಲಕ್ಕನ ಯೂನಿಟ್ಟಿನದಲ್ಲ. ಅವಳ ಪತ್ರಕ್ಕೆ ಸಹಿ ಹಾಕಿದ, ಅವಳಿಗೂ ರೂಟ್‌ಗೂ ನಡುವಿನವನದು. ಸೆಂದಿಲ್ ಅಂಟಿಸುವಾಗ ಅವನ ಪತ್ರವನ್ನು ಮೇಲೆ, ಅಕ್ಕನದನ್ನು ಕೆಳಗೆ ಇಟ್ಟಿದ್ದ. ಕಡತದಲ್ಲಿ ಎಷ್ಟೇ ಪತ್ರವಿರಲಿ, ಆ ಸಾಧನ ಪರೀಕ್ಷಿಸುವುದು ಮೊದಲನೆಯದನ್ನು ಮಾತ್ರ. ಇದು ಅದರ ನಿಯಮ, ನಾನು ಓದಿಕೊಂಡಿರಲಿಲ್ಲ. ನಾನು ಫೋಟೋ ತೆಗೆದು ಮೆರೆಸಿದ ಓಕೆ ನಮ್ಮವಳಿಗೆ ಸಿಕ್ಕದ್ದೇ ಅಲ್ಲ. ವಧುವನ್ನು ಪರೀಕ್ಷೆ ಮಾಡಿ ಎಂದರೆ ಅವಳ ಮುಂದೆ ನಿಂತಿದ್ದ ಅತ್ತೆಯನ್ನು ನೋಡಿ ಚೆನ್ನಾಗಿದ್ದಾರೆ ಎಂದು ಬಂದ ಹಾಗೆ.

ಮರುದಿನ ಕಮಲಕ್ಕನ ಪತ್ರವನ್ನು ಬೇರೆಯಾಗಿ ತೆಗೆದು ಪರೀಕ್ಷಿಸಿದೆ. ಫೇಲು. ಅದರ ಜೊತೆಗೆ ನಡುವಿನವನ ಪತ್ರವನ್ನೂ ಒದಗಿಸಿ ಪರೀಕ್ಷಿಸಿದೆ. ಪಾಸು. ಅಂದರೆ ಅವಳ ಕಂಪ್ಯೂಟರು ಕರೆದವರಿಗೆಲ್ಲ ತನ್ನ ಪತ್ರ ಮಾತ್ರ ತೋರಿಸುತ್ತಿತ್ತು, ನಡುವಿನವನದನ್ನು ತೋರಿಸುತ್ತಿರಲಿಲ್ಲ. ಚೆನ್ನೈನ ಯಂತ್ರಕ್ಕೆ ದಾರಿ ಅಲ್ಲೇ ಕಡಿದುಹೋಗುತ್ತಿತ್ತು. ನಮ್ಮ ಬ್ರೌಸರುಗಳು ಮಾತ್ರ ನಡುವಿನವನನ್ನು ಬೇರೆಲ್ಲೋ ನೋಡಿ ನೆನಪಿಟ್ಟುಕೊಂಡಿದ್ದರಿಂದ ಸುಮ್ಮನೆ ಒಳಗೆ ಬಿಡುತ್ತಿದ್ದವು.

"ಸೆಂದಿಲಣ್ಣ, ಪತ್ರ ಕೊಟ್ಟೋರು ಎರಡು ಕಡತ ಕಳಿಸಿದ್ರಲ್ಲ. ಎರಡನೇದು ಯಾಕೆ ಹಾಕಲಿಲ್ಲ?"

ಅವನು ತಲೆ ಕೆರೆದುಕೊಂಡ. ಅಕ್ಕನ ಕಡೆ ನೋಡಿದ. ಅಕ್ಕ ನನ್ನ ಕಡೆ ನೋಡಿದಳು.

"ಆವತ್ತು ಆನಿ ಕೊನೇ ದಿನ, ಅಮ್ಮಿಣಿ" ಎಂದ. "ಮರುದಿನ ಆಡಿ. ಆಡಿಲಿ ಹೊಸದು ತೊಡಗೋ ಹಂಗಿಲ್ಲೆ. ರಾಹುಕಾಲ ಬೇರೆ ಬರ್ತಾ ಇತ್ತು. ಅಕ್ಕ ಪೆಟ್ಟಿಗೆ ಕುಂಕುಮ ಇಟ್ಟು ಕರ್ಪೂರ ಹಚ್ಚಿ ನಿಂತವ್ಳೆ. ಒಂದನ್ನ ಹಾಕ್ದೆ, ಬೀಗ ಬಂತು, ಸರಿ, ತೊಡಗಾಯ್ತು ಅಂದ್ಕೊಂಡ್ವು. ಇನ್ನೊಂದನ್ನ ಅಪ್ಪುರಂ ನೋಡೋಣ ಅಂತ ಬಿಟ್ಟೆ."

"ಆಮೇಲೆ ಯಾಕೆ ನೋಡಲಿಲ್ಲ?"

"ಆಮೇಲೆ ಆಡಿ ಬಂದ್ಬುಡ್ತಲ್ಲ!"

ಅವನ ಪೆಟ್ಟಿ ಅಂದರೆ ಕಂಪ್ಯೂಟರು. ನಾನು ಮೇಜಿನ ಕೆಳಗೆ ಬಗ್ಗಿ ನೋಡಿದೆ. ಅದರ ಹಣೆಯಲ್ಲಿ ಕುಂಕುಮ ಇನ್ನೂ ಇತ್ತು, ಮೇಲೆ ಹತ್ತಿಯ ಧೂಳು ಕೂತಿತ್ತು. ಆಡಿ ಮುಗಿಯುವವರೆಗೆ ಅದನ್ನು ಮುಟ್ಟಕೂಡದು. ಆದರೆ ಆಡಿ ಮುಗಿಯುವುದರೊಳಗೆ ಜೋಡಣೆಯಾಗಬೇಕು. ಎರಡೂ ಷರತ್ತುಗಳನ್ನು ಒಟ್ಟಿಗೆ ಒಪ್ಪಿದವರು ಒಂದೇ ಮನೆಯವರು, ಯಾರಿಗೂ ಅದರಲ್ಲಿ ತೊಡಕು ಕಂಡಿರಲಿಲ್ಲ.

ತಿಂಗಳಿಗೆ ಒಳ್ಳೆಯದು ಕೆಟ್ಟದ್ದು ಇರುತ್ತದೆ ಎಂಬುದನ್ನು ನಾನು ನಂಬುವುದಿಲ್ಲ. ಅದನ್ನು ಅಲ್ಲಿ ಹೇಳಿದ್ದರೆ ನಾನು ಗೆಲ್ಲುತ್ತಿದ್ದೆ, ಪೆಟ್ಟಿಯನ್ನು ಮಾತ್ರ ಮುಟ್ಟಲು ಬಿಡುತ್ತಿರಲಿಲ್ಲ. ಆದ್ದರಿಂದ ಅವರ ಕಡೆ ನಿಂತೇ ವಾದಿಸಿದೆ.

"ಅಕ್ಕಾ, ಇದು ಹೊಸದಲ್ಲ. ಪತ್ರ ಬಂದಿದ್ದು ಆನಿಯಲ್ಲಿ, ಎರಡೂ ಒಟ್ಟಿಗೇ ಬಂದಿದ್ದು. ಈಗ ಮಾಡೋದು ತೊಡಗಿದ್ದನ್ನ ಮುಗಿಸೋದು, ಅಷ್ಟೇ."

"ನಿನ್ನ ಬಾಯಿಗೆ ಎಣ್ಣೆ ಹಾಕೋದೇ ಬೇಡ" ಎಂದಳು. ಆಮೇಲೆ ಕಿಟಕಿಯಾಚೆ ಗಾಳಿಯಲ್ಲಿ ಹಾರುತ್ತಿದ್ದ ಬಟ್ಟೆಚೂರುಗಳನ್ನು ನೋಡಿದಳು. "ನಮ್ಮ ತಾತ ಮಗ್ಗಕ್ಕೆ ಹಾಸು ಏರಿಸೋದು ಆಡಿಲಿ ಮಾಡ್ತಿರಲಿಲ್ಲ, ಅಮ್ಮಿಣಿ. ಆನಿಲೇ ಏರಿಸಿರೋರು. ಏರಿಸಿದ ಮೇಲೆ ಹೊಕ್ಕು ಹಾಕ್ತಾ ನೇಯೋಕೆ ಆಡಿ ಏನು, ಆವಣಿ ಏನು? ಮಗ್ಗ ನಿಲ್ಲಿಸ್ತಾ ಇರಲಿಲ್ಲ." ತಮ್ಮನ ಕಡೆ ತಿರುಗಿ, "ಹಾಸು ಆಯ್ತು, ಹೊಕ್ಕು ಹಾಕು. ಎದ್ದೇಳು" ಎಂದಳು.

ನನ್ನ ವಾದ ಗೆದ್ದಿತೋ, ಅವಳ ತಾತ ಗೆದ್ದರೋ, ಇಂದಿಗೂ ಗೊತ್ತಿಲ್ಲ.

ಸೆಂದಿಲ್ ಎರಡನೇ ಕಡತವನ್ನು ಮೊದಲನೆಯದರ ಕೆಳಗೆ ಸೇರಿಸಿ ಯಂತ್ರವನ್ನು ಮತ್ತೆ ಎಬ್ಬಿಸಿದ. ನಾನು ದೂರದಿಂದ ಕರೆದಂತೆ ಆಜ್ಞೆ ಕೊಟ್ಟೆ. ಸಾಲುಗಳು ಓಡಿ ಕೊನೆಯಲ್ಲಿ ಸೊನ್ನೆ ಎಂದು ನಿಂತವು.

"ಸೊನ್ನೆನಾ?" ಕಮಲಕ್ಕ ಎದೆಗೆ ಕೈಯಿಟ್ಟುಕೊಂಡಳು.

"ಇಲ್ಲಿ ಸೊನ್ನೆ ಅಂದರೆ ಪಾಸು, ಅಕ್ಕ. ತಪ್ಪು ಸೊನ್ನೆ ಅಂತ."

"ಇದೇನು ಇಸ್ಕೂಲೋ!" ಎಂದಳು. ಹತ್ತಿರ ಬಂದು ಕುರ್ಚಿ ಎಳೆದುಕೊಂಡು ಕೂತಳು. "ಸರಿ, ತೋರಿಸು. ನನಗೆ ಯಾರು ಸಹಿ ಹಾಕವ್ರೆ?"

ತೋರಿಸಿದೆ. ನಡುವಿನವನು.

"ಅವನಿಗೆ?"

ರೂಟ್.

"ಅವನಿಗೆ ಯಾರು?"

ಈ ಪ್ರಶ್ನೆ ನನಗೆ ಹೊಸದಲ್ಲ. ಕೆಲಸ ಕಲಿಯುವಾಗ ಮ್ಯಾನೇಜರನ್ನು ನಾನೇ ಕೇಳಿ, ಅವರು ಕೊಟ್ಟ ಉತ್ತರಕ್ಕೆ ಅರ್ಧ ಗಂಟೆ ಜಗಳವಾಡಿದ್ದೆ. "ಅವನಿಗೆ... ಅವನೇ, ಅಕ್ಕ. ತನ್ನ ಪತ್ರಕ್ಕೆ ತಾನೇ ಸಹಿ ಹಾಕಿಕೊಂಡಿರ್ತಾನೆ."

ಕಮಲಕ್ಕ ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ, ಸಿಟ್ಟೋ ನಗುವೋ ತಿಳಿಯದ ಹಾಗೆ ಹೇಳಿದಳು: "ತನಗೆ ತಾನೇ ಸಹಿ ಹಾಕ್ಕೊಂಡವನ್ನ ಲೋಕವೆಲ್ಲ ನಂಬುತ್ತೆ. ಇಷ್ಟು ವರ್ಷ ಹೊಲಿದ ನನ್ನ ನಂಬೋಕೆ ಮಾಮನ ಪೇರು ಬೇಕು. ಇದೆಂಥಾ ನ್ಯಾಯ, ಅಮ್ಮಿಣಿ?"

ಉತ್ತರ ನನ್ನ ಬಳಿ ಇತ್ತು. ರೂಟ್ ಆಗುವವರನ್ನು ವರ್ಷಗಟ್ಟಲೆ ತಪಾಸಣೆ ಮಾಡುತ್ತಾರೆ, ತಪ್ಪು ಮಾಡಿದರೆ ಎಲ್ಲ ಕಂಪ್ಯೂಟರುಗಳಿಂದ ಕಿತ್ತುಹಾಕುತ್ತಾರೆ, ಸುಮ್ಮನೆ ಯಾರನ್ನೂ ನಂಬುವುದಿಲ್ಲ ಎಂದೆಲ್ಲ. ಹೇಳಿದ್ದರೆ, ಆ ತಪಾಸಣೆ ಮಾಡುವವರನ್ನು ಯಾರು ತಪಾಸಣೆ ಮಾಡುತ್ತಾರೆ ಎಂದು ಅವಳು ಕೇಳುತ್ತಿದ್ದಳು. ಆ ಸಾಲಿಗೆ ಕೊನೆಯೇ ಇಲ್ಲ.

ಆಗಲೇ ಮೋಹನನ ಫೋನು ಬಂತು. ಸೆಂದಿಲ್ ಸ್ಪೀಕರಿಗೆ ಹಾಕಿದ. ಯಂತ್ರಗಳು ಜೋಡಣೆಯಾಗಿವೆ, ಅಭಿನಂದನೆ ಎಂದು ತಮಿಳಿನಲ್ಲಿ ಹೇಳಿ, ಅದೇ ಉಸಿರಿಗೆ ಸೇರಿಸಿದ: "ಕೊನೇದು ಒಂದು ಮೇಡಂ. ಹೊಸಬರ ಪರವಾಗಿ ಜವಾಬು ಹೇಳೋರು ಒಬ್ಬರ ಹೆಸರು ಫಾರಂನಲ್ಲಿ ಬೇಕು. ನಿಮ್ಮ ಮಾಮನ ಕಂಪನಿ ಹೆಸರು ಹಾಕಲಾ? ನಮ್ಮೋರು ಅವರನ್ನ ಒಂದು ಮಾತು ಕೇಳ್ತಾರೆ, ಅಷ್ಟೇ."

ಸೆಂದಿಲ್ ಹಾಕಿ ಎಂಬಂತೆ ತಲೆಯಾಡಿಸಿದ. ನಾನೂ ಆಡಿಸಿದೆ. ಅದು ಬುದ್ಧಿವಂತಿಕೆಯ ಉತ್ತರವಾಗಿತ್ತು. ಕಮಲಕ್ಕ ಅಳತೆ ಟೇಪನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು.

"ಬೇಡ ಸಾರ್. ನನ್ನ ಪೇರೇ ಹಾಕಿ."

"ಅದು ಹೆಂಗೆ ಮೇಡಂ? ನಿಮಗೆ ನೀವೇನಾ?"

"ನನಗೆ ನಾನೇ. ನಿಮ್ಮ ಮೆಷಿನ್ ಒಳಗೆ ಎಲ್ಲರಿಗಿಂತ ಮೇಲೆ ಒಬ್ಬ ಹಂಗೇ ಕೂತವ್ನಂತಲ್ಲ. ಅವನ್ನ ಒಪ್ಪುತ್ತೆ. ನನ್ನೂ ಒಪ್ಪುತ್ತಾ ಅಂತ ಕೇಳಿ ನೋಡಿ."

ಮೋಹನ್ ನಕ್ಕನೋ, ಯಾರಿಗಾದರೂ ಏನಾದರೂ ಹೇಳಿದನೋ, ಗಾಳಿಯಲ್ಲಿ ತಿಳಿಯಲಿಲ್ಲ. "ನೋಡ್ತೀನಿ ಮೇಡಂ" ಎಂದು ಇಟ್ಟ.

ಚರ್ಚಾಸ್ಪರ್ಧೆಯ ತೀರ್ಪುಗಾರ್ತಿಯಾಗಿದ್ದರೆ ಆ ವಾದಕ್ಕೆ ನಾನು ಅಂಕ ಕೊಡುತ್ತಿರಲಿಲ್ಲ. ಕೊಡದೆ ಇರಲೂ ಆಗುತ್ತಿರಲಿಲ್ಲ. ಸೆಂದಿಲ್ ತಲೆಯ ಮೇಲೆ ಕೈಹೊತ್ತು ಕೂತ. ಕಮಲಕ್ಕ ಎದ್ದು ಹೋಗಿ, ಏನೂ ಆಗಿಲ್ಲವೆಂಬಂತೆ ಯಾರದೋ ಯಂತ್ರದ ನೂಲು ಸರಿಮಾಡಿದಳು.

ಆಡಿ ಮುಗಿದು ಆವಣಿ ಹುಟ್ಟಿತು. ಗಾಳಿ ಇಳಿಯಿತು. ಒಂದು ಬೆಳಿಗ್ಗೆ ಕಮಲಕ್ಕನ ಕಂಪ್ಯೂಟರಿಗೆ ನೇರವಾಗಿ ಒಂದು ಆರ್ಡರ್ ಬಂದು ಕೂತಿತ್ತು. ಚಿಕ್ಕದು, ಮಕ್ಕಳ ಅಂಗಿಗಳದು. ಹೊಲಿದವರು ಎಂಬಲ್ಲಿ ಅವಳ ಹೆಸರು. ಮೋಹನ್ ಅವಳು ಹೇಳಿದಂತೆಯೇ ಬರೆದನೇ, ಮಾವನ ಹೆಸರು ತಾನೇ ಹಾಕಿದನೇ, ಅಥವಾ ಆ ಪ್ರಶ್ನೆಯನ್ನು ಅತ್ತ ಯಾರೂ ಓದುವುದೇ ಇಲ್ಲವೇ? ಮೂರಕ್ಕೂ ಸಮಾನ ಬಲದ ವಾದ ಕಟ್ಟಬಲ್ಲೆ.

ಮಾದರಿ ಅಂಗಿಗಳು ತಯಾರಾದ ವಾರ ಸುಬ್ಬಣ್ಣ ಮಾವ ಬಂದರು. ಬಿಳಿ ಪಂಚೆಯ, ಎತ್ತರದ, ಕಡಿಮೆ ಮಾತಿನ ಮನುಷ್ಯ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದು, ಟೀ ಕುಡಿದು, "ಚೆನ್ನೈನವನು ಫೋನ್ ಮಾಡಿದ್ದ" ಎಂದರು. ಅಲ್ಲಿಗೇ ನಿಲ್ಲಿಸಿದರು.

ನಾನು ಬಾಯಿ ತೆರೆದೆ. ಏನು ಕೇಳಿದ, ನೀವೇನು ಹೇಳಿದಿರಿ, ಯಾವತ್ತು? ಕಮಲಕ್ಕ ಮೇಜಿನ ಕೆಳಗೆ ನನ್ನ ಪಾದ ತುಳಿದಳು. ಬಲವಾಗಿಯೇ ತುಳಿದಳು. ನಾನು ಬಾಯಿ ಮುಚ್ಚಿದೆ.

ಮಾವ ಒಂದು ಅಂಗಿ ಎತ್ತಿಕೊಂಡರು. ಕುತ್ತಿಗೆ ತಿರುಗಿಸಿ ಪಟ್ಟಿಯಲ್ಲಿದ್ದ ಹೆಸರನ್ನು ಓದಿದರು. ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ಓದಿದರು. ಆಮೇಲೆ ಹೆಬ್ಬೆರಳಿನಿಂದ ಹೊಲಿಗೆಯನ್ನು ಎಳೆದು ನೋಡಿದರು.

"ಕುತ್ತಿಗೆ ಕೊಂಚ ಸಡಿಲ."

"ನಿಮ್ಮ ಪೇರಲ್ಲಿ ಹೋಗುವಾಗ ಸರಿಯಾಗೇ ಇತ್ತಲ್ಲ, ಮಾಮ?"

"ಆಗ ಕೊನೇಲಿ ನಾನೊಂದ್ಸಲ ನೋಡ್ತಿದ್ದೆ."

ಕಮಲಕ್ಕ ಅವರ ಕೈಯಿಂದ ಅಂಗಿ ತೆಗೆದುಕೊಂಡು ಬೆಳಕಿಗೆ ಹಿಡಿದಳು. ಬಹಳ ಹೊತ್ತು ನೋಡಿದಳು. ಸಡಿಲವಿತ್ತೋ ಇಲ್ಲವೋ, ನನ್ನ ಕಣ್ಣಿಗಂತೂ ಏನೂ ಕಾಣಲಿಲ್ಲ. ಅವಳು ಕೂತು, ಬಿಗಿಯಾಗಿ ಮತ್ತೆ ಹೊಲಿಯಲೆಂದು, ಕತ್ತರಿಯ ತುದಿಯಿಂದ ಕುತ್ತಿಗೆಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು.